ಸಂಗ್ರಾಣಿ ಕಲ್ಲಿನ ಮುಂದೆ ಗಿರಣಿ ಚನವೀರಪ್ಪ

ಎಲುಬಿಲ್ಲದೆಯೂ ಪರರ ಎಲುಬುಗಳನ್ನು ಮುರಿಸಬಲ್ಲವಳೇ, ದಂತಪಂಕ್ತಿಯ ಕೋಟೆಯೊಳಗೆ ಬೆಚ್ಚಗೆ ಕುಳಿತು ಕೋಟೆಯಾಚೆಯ ಲೋಕಕ್ಕೆಲ್ಲ ಯುದ್ಧ ಸಾರಬಲ್ಲವಳೇ, ಕ್ಷಣದಲ್ಲಿ ಆಡಿ ಮುಗಿಸಿ, ಆಡಿದ್ದನ್ನು ಮಾಡಿ ತೋರಿಸುವ ಹೊಣೆಯನ್ನು ಕೈ ಕಾಲು ನಡು ಬೆನ್ನುಗಳ ಮೇಲೆ ಹೊರಿಸಿ ಒಳಗೆ ಸರಿದುಕೊಳ್ಳುವವಳೇ, ಎಲೌ ಜಿಹ್ವಾದೇವಿಯೇ, ಮೊದಲ ವಂದನೆ ನಿನಗೆ! ನೀನು ಒಂದಿಷ್ಟು ಸುಮ್ಮನಿದ್ದಿದ್ದರೆ ಭೂಮಂಡಲದ ಎಷ್ಟೋ ವೀರರು ಮನೆಯಲ್ಲಿ ಬಿಸಿ ರೊಟ್ಟಿ ಉಂಡು ಮಗ್ಗುಲಾಗಿರುತ್ತಿದ್ದರು. ವೀರಗಾಥೆ ಹಾಡುವವರು ಬೇರೆ ಕಸುಬು ಹುಡುಕಿಕೊಳ್ಳಬೇಕಾಗುತ್ತಿತ್ತು.

ಅದು ಪಾಕೀಟು ಹಿಟ್ಟಿನ ಯುಗ. ಜೋಳವನ್ನು ಕೇರಿ, ಹಸನು ಮಾಡಿ, ಡಬ್ಬಿಗೆ ತುಂಬಿ, ತಲೆಯ ಮೇಲೆ ಹೊತ್ತು ಗಿರಣಿಗೆ ನಡೆಯುವ ಸನಾತನ ಪದ್ಧತಿಯು ಒಂಟಿಕಾಲಿನಲ್ಲಿ ಕುಂಟುತ್ತಿದ್ದ ಆ ಘೋರ ಕಾಲದಲ್ಲಿ, ಹೆಸರಿನಲ್ಲಿಯೇ ಆನೆಯನ್ನು ಹೊತ್ತುಕೊಂಡ ಗಜೇಂದ್ರಗಡದ ಒಂದು ಓಣಿಯಲ್ಲಿ, ಗೋಧೂಮಚೂರ್ಣಧವಳಿತಶ್ಮಶ್ರುಮಂಡಲನೂ, ಯಂತ್ರನಿರ್ಘೋಷಮಂದೀಕೃತಕರ್ಣಯುಗಳನೂ ಆದ ಚನವೀರಪ್ಪ ಹುಣಸೀಕಟ್ಟಿ ಎಂಬ ವೀರನು ಹಿಟ್ಟಿನ ಗಿರಣಿ ನಡೆಸಿಕೊಂಡಿದ್ದನು. ಎಂದರೆ, ಹಿಟ್ಟು ಹಿಡಿದು ಅವನ ಮೀಸೆ ಬೆಳ್ಳಗಾಗಿತ್ತು, ಗಿರಣಿಯ ಸದ್ದಿಗೆ ಕಿವಿ ತುಸು ಮಂದವಾಗಿತ್ತು. ವಯಸ್ಸು ಐವತ್ತು ದಾಟಿ ಅರವತ್ತರ ಕಡೆ ಮುಖ ಮಾಡಿತ್ತು. ಹೊಟ್ಟೆ ಅದಕ್ಕಿಂತ ತುಸು ಮುಂದೆ ಹೋಗಿತ್ತು.

ಈ ವೀರನಿಗೂ, ಇದೇ ಓಣಿಯ ಎದುರುಮನೆಯಲ್ಲಿ ವಾಸವಾಗಿದ್ದ ಅಡಿವೆಪ್ಪ ಮಾಸ್ತರರಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ಅಡಿವೆಪ್ಪ ಮಾಸ್ತರರು ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಕಲಿಸಿ ನಿವೃತ್ತರಾದವರು. ಅದಕ್ಕಿಂತ ಮುಖ್ಯವಾಗಿ, ಚನವೀರಪ್ಪನ ಒಬ್ಬಳೇ ಅಕ್ಕ ಕಾಶವ್ವನ ಗಂಡ. ಹೀಗಾಗಿ ಭಾವ, ಆ ಸೀಮೆಯ ಬಾಯಲ್ಲಿ ಮಾವ; ಹೆಂಡತಿಯ ತಮ್ಮನಾದ ಇವನು ಅಳಿಯ. ಮಾವನ ಮನೆಗೂ ಅಳಿಯನ ಮನೆಗೂ ನಡುವೆ ಇದ್ದದ್ದು ಒಂದು ಟ್ರ್ಯಾಕ್ಟರು ಕಷ್ಟಪಟ್ಟು ಹಾಯುವಷ್ಟು ದಾರಿ. ಆದರೆ ಆ ದಾರಿಯೀಗ ತಿಮಿಂಗಿಲಸಂಕುಲವಾದ ಮಹಾಸಾಗರವಾಗಿ ಹಬ್ಬಿತ್ತು.

ಈ ಮಹಾವೈರದ ಮೂಲವು ಒಂದು ಜೋಳದ ರೊಟ್ಟಿ.

ಮೂರು ವರ್ಷದ ಹಿಂದೆ, ಪಂಚಮಿ ಹಬ್ಬದ ಹಿಂದಿನ ದಿನ, ಓಣಿಯ ಮನೆಮನೆಯವರು ರೊಟ್ಟಿ ಪಲ್ಯ ಹಂಚಿಕೊಂಡು ಉಣ್ಣುತ್ತ ಕುಳಿತಿದ್ದಾಗ, ಅಡಿವೆಪ್ಪ ಮಾಸ್ತರರು ಒಂದು ರೊಟ್ಟಿ ಮುರಿದು ಬಾಯಿಗಿಟ್ಟು, ಅಗಿದು, ನಿಲ್ಲಿಸಿ, ಹಾಜರಿ ಕೂಗುವ ದನಿಯಲ್ಲಿ "ಇದೇನ್ ಹಿಟ್ಟೋ, ಮಳಲೋ?" ಎಂದುಬಿಟ್ಟರು. ಹಿಟ್ಟು ಚನವೀರಪ್ಪನ ಗಿರಣಿಯದು. ಗಿರಣಿಯವನಿಗೆ ಹಿಟ್ಟು ಉರುಟು ಎನ್ನುವುದು, ಪೈಲ್ವಾನನಿಗೆ ಹೆಂಡತಿಯ ಕೈಲಿ ಪೆಟ್ಟು ತಿಂದೆಯಂತೆ ಎಂದಂತೆ. ಅವನು ಎದ್ದು ನಿಂತು, "ಕಟ್ಟಿಸಿದ ಹಲ್ಲಿನವ್ರಿಗೆ ಹಿಟ್ಟಿನ ಹದ ಏನ್ ತಿಳೀತೈತಿ?" ಎಂದನು. ಹಲ್ಲು ಕಟ್ಟಿಸಿಕೊಂಡ ಸಂಗತಿ ಅಲ್ಲಿಯವರೆಗೆ ಓಣಿಗೆ ಗೊತ್ತಿರಲಿಲ್ಲ.

ಅಲ್ಲಿಗೆ ದಿಕ್ಕುಗಳು ಮಂಕಾದವು. ಮಾಸ್ತರರು ತಾಟು ಸರಿಸಿ ಎದ್ದು, "ಈ ಮನಿಷ್ಯಾ ನನ್ನ ಹೊಸ್ತಲಕ್ಕ ಬಂದು ತಲಿ ಬಗ್ಗಿಸೂತನಕ, ನನ್ನ ಹೇಣ್ತಿ ಇವನ ಮನಿ ಹೊಸ್ತಲಾ ದಾಟಂಗಿಲ್ಲ!" ಎಂದು ಗರ್ಜಿಸಿದರು. ಚನವೀರಪ್ಪನು ಮೀಸೆಯ ಹಿಟ್ಟು ಕೊಡವಿ, "ನನ್ನ ಹಿಟ್ಟಿಗೆ ಹೆಸರಿಟ್ಟವರ ಮುಂದ ಈ ತಲಿ ಬಗ್ಗೂದಂದ್ರ, ಅದು ನನ್ನ ಮಣ್ಣ ಮಾಡೂ ದಿನಾನ!" ಎಂದು ಪ್ರತಿಗರ್ಜಿಸಿದನು. ಎರಡೂ ಪ್ರತಿಜ್ಞೆಗಳು ಆಕಾಶದಲ್ಲಿ ಡಿಕ್ಕಿ ಹೊಡೆದು, ನೇರವಾಗಿ ಕಾಶವ್ವನ ತಲೆಯ ಮೇಲೆ ಬಿದ್ದವು.

ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ತಮ್ಮ ಬಂದು ಕರೆಯಬೇಕು, ಅಕ್ಕ ಹೋಗಬೇಕು, ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಚನವೀರಪ್ಪನ ಮನೆಯ ಮುಂದಿನ ಬೇವಿನ ಮರಕ್ಕೆ ಪ್ರತಿ ವರ್ಷವೂ ಜೋಕಾಲಿ ಬೀಳುತ್ತಿತ್ತು. ಓಣಿಯ ಹೆಣ್ಣುಮಕ್ಕಳೆಲ್ಲ ಜೀಕುತ್ತಿದ್ದರು. ಕಾಶವ್ವ ಮಾತ್ರ ತನ್ನ ಬಾಗಿಲಿನ ಚೌಕಟ್ಟು ಹಿಡಿದು, ದಾರಿಯಾಚೆಯ ತವರನ್ನು ಪರದೇಶದಂತೆ ನೋಡುತ್ತ ನಿಂತಿರುತ್ತಿದ್ದಳು. ಚನವೀರಪ್ಪನಿಗೆ ಅದು ಕಾಣದೆ ಇರುತ್ತಿರಲಿಲ್ಲ. ಕಂಡಾಗಲೆಲ್ಲ ಅವನಿಗೆ ಗಿರಣಿಯ ಪಟ್ಟಾ ಸಡಿಲಾದ ನೆನಪಾಗಿ ಒಳಗೆ ಹೋಗಿಬಿಡುತ್ತಿದ್ದನು. ಒಳಗೆ ಹೋಗಿ, ಸರಿಯಾಗಿಯೇ ಇದ್ದ ಪಟ್ಟಾವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದನು.

ಹೀಗಿರಲಾಗಿ ನಾಲ್ಕನೆಯ ಪಂಚಮಿ ಬಂದಿತು.

ಹಬ್ಬದ ಹಿಂದಿನ ಸಂಜೆ. ರಾಜೇಸಾಬನ ಚಹಾದ ಅಂಗಡಿಯ ಬೆಂಚಿನ ಒಂದು ತುದಿಗೆ ಚನವೀರಪ್ಪ, ಇನ್ನೊಂದು ತುದಿಗೆ ಅಡಿವೆಪ್ಪ ಮಾಸ್ತರರು. ಇಬ್ಬರೂ ದಿನಾಲು ಅದೇ ಹೊತ್ತಿಗೆ ಅಲ್ಲಿಗೇ ಬರುತ್ತಿದ್ದರು. ಬರದಿದ್ದರೆ ಸೋತಂತಾಗುತ್ತದೆಂದು ಇಬ್ಬರೂ ತಿಳಿದಿದ್ದರು. ಎದುರಿನ ಬಯಲಿನಲ್ಲಿ ಓಣಿಯ ಹುಡುಗರು ಮರುದಿನದ ಭಾರ ಎತ್ತುವ ಪಂದ್ಯಕ್ಕಾಗಿ ಸಂಗ್ರಾಣಿ ಕಲ್ಲನ್ನು ಉರುಳಿಸಿ ತಂದು ನಿಲ್ಲಿಸಿದ್ದರು. ಅದು ಎಂಥ ಕಲ್ಲು! ಕಜ್ಜಲಕೃಷ್ಣಕಠೋರಕಾಯವೂ, ಮಧ್ಯದಲ್ಲಿ ಹಿಡಿ ಹಾಕಲು ಕೊರೆದ ಕುಳಿಯುಳ್ಳದ್ದೂ, ಅನೇಕ ತಲೆಮಾರುಗಳ ಗಂಡಸರ ಬೆವರನ್ನೂ ಅದಕ್ಕಿಂತ ಹೆಚ್ಚಾಗಿ ಅವರ ಸುಳ್ಳುಗಳನ್ನೂ ಹೀರಿಕೊಂಡದ್ದೂ ಆದ ಶಿಲೆ.

"ಈಗಿನ ಹುಡುಗರು ಈ ಕಲ್ಲ ನೋಡಿದ್ರ ಉಚ್ಚಿ ಹೊಯ್ಕೋತಾವು," ಎಂದನು ಚನವೀರಪ್ಪ, ಬಸಿಯಲ್ಲಿ ಚಹಾ ಸುರುವಿಕೊಳ್ಳುತ್ತ. "ನಾವೆಲ್ಲ ಇದನ್ನ ಹೆಗಲಮ್ಯಾಲ ಇಟಗೊಂಡು ಅಡ್ಡಾಡಿದವ್ರು."

ಇಲ್ಲಿ ಸತ್ಯವನ್ನು ಹೇಳುವುದು ಕರ್ತವ್ಯ. ಚನವೀರಪ್ಪನು ತನ್ನ ಇಪ್ಪತ್ತರ ಹರೆಯದಲ್ಲಿ ಈ ಕಲ್ಲನ್ನು ಎತ್ತಿದ್ದು ನಿಜ, ಮೊಣಕಾಲಿನವರೆಗೆ. ಆಮೇಲೆ ಕೈಬಿಟ್ಟಿದ್ದನು. ಆದರೆ ಮದುವೆಯ ಹೊತ್ತಿಗೆ ಆ ಕಲ್ಲು ಕಥೆಯಲ್ಲಿ ತೊಡೆಗೆ ಬಂದಿತ್ತು. ಮಕ್ಕಳಾಗುವ ಹೊತ್ತಿಗೆ ಎದೆಗೇರಿತ್ತು. ಹೀಗೆ ಯಾರೂ ಮುಟ್ಟದೆಯೇ ಏರುತ್ತ ಏರುತ್ತ, ಇತ್ತೀಚೆಗೆ ಹೆಗಲ ಮೇಲೆ ಕುಳಿತಿತ್ತು. ಇನ್ನು ಕೆಲವು ವರ್ಷ ಕಳೆದಿದ್ದರೆ ತಲೆಯ ಮೇಲೂ ಬರುತ್ತಿತ್ತು.

ಅಡಿವೆಪ್ಪ ಮಾಸ್ತರರು ಆಕಾಶದ ಕಡೆಗೆ ನೋಡಿ ಹೇಳಿದರು: "ರಾಜೇಸಾಬಾ, ಸಣ್ಣಗ ಬೀಸಾಕ ಬರಲಾರದವರು ಕಲ್ಲ ಎತ್ತೇನಿ ಅಂತಾರಲ್ಲೋ. ಎತ್ತಿದ್ದು ಬೀಸೂ ಕಲ್ಲ ಇರಬೇಕು ನೋಡು."

"ರಾಜೇಸಾಬಾ," ಎಂದನು ಚನವೀರಪ್ಪ, ಬೆಂಚಿನ ಇನ್ನೊಂದು ತುದಿಯಿಂದ, "ಅವ್ರಿಗೆ ಹೇಳು, ಜಿಂದಗಿ ಪೂರಾ ಸೀಮಿಸುಣ್ಣದ ತುಂಡ ಎತ್ತಿದವ್ರಿಗೆ ಕಲ್ಲಿನ ಮಾತ ಯಾಕ ಅಂತ."

ರಾಜೇಸಾಬನು ಇಬ್ಬರ ನಡುವೆ ನಿಂತು ಚಹಾ ಸೋಸುತ್ತಿದ್ದನು. "ಕೇಳಿಸ್ತಂತರಿ," ಎಂದನು.

"ಹಂಗಾರ ಇದನ್ನೂ ಕೇಳಸು," ಎಂದರು ಮಾಸ್ತರರು. "ನಾಳೆ ಹಾಲೆರದ ಮ್ಯಾಲೆ ಕಲ್ಲ ಇಲ್ಲೇ ಇರತೈತಿ. ಎತ್ತಂತ ಹೇಳು."

ಚನವೀರಪ್ಪನ ಜಾಣತನವೆಲ್ಲ ಆ ಕ್ಷಣದಲ್ಲಿ ಅವನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿತು: ನಗು, ಚಹಾ ಕುಡಿ, ಮನೆಗೆ ನಡೆ. ಆದರೆ ಕಿವಿ ಮಂದ. ತರುಣನಾಗಿದ್ದಾಗ ಅವನು ದೊಡ್ಡಾಟದಲ್ಲಿ ರಕ್ಕಸನ ವೇಷ ಕಟ್ಟುತ್ತಿದ್ದವನು. ರೋಷ ಬಂದಾಗ ಆ ವೇಷ ಇಂದಿಗೂ ಗಂಟಲಿಗೆ ಬಂದು ಕೂರುತ್ತಿತ್ತು. ಅವನು ಬಸಿಯನ್ನು ಬೆಂಚಿನ ಮೇಲಿಟ್ಟು, ಎದ್ದು, ಬಲಗಾಲನ್ನು ನೆಲಕ್ಕೆ ಬಡಿದು ಆರ್ಭಟಿಸಿದನು:

"ಎಲವೋ ಸಾರಥೀ! ಮೂರು ಲೋಕದ ಗಂಡರು ಮಂಡಿಯೂರಿ ನಡುಗುವ ಈ ಭುಜದಂಡಗಳ ಪರಾಕ್ರಮವನ್ನರಿಯದೆ, ಬಾಯಿಗೆ ಬಂದಂತೆ ಬಗುಳುವ ಅಧಮನಾರು? ನಾಳಿನ ಸೂರ್ಯನು ನೆತ್ತಿಗೇರುವುದರೊಳಗಾಗಿ, ಈ ಶಿಲೆಯನ್ನು ನೆಲದಿಂದ ತೊಡೆಗೇರಿಸಿ, ತೊಡೆಯಿಂದ ಎದೆಗೇರಿಸಿ, ಎದೆಯಿಂದ ಹೆಗಲಿಗೇರಿಸಿ, ಹೆಗಲಿಂದ ಹಿಂದಕ್ಕೊಗೆದು, ಈ ಭೂಮಿಯು ಗಡಗಡನೆ ನಡುಗಿ ಗುಡ್ಡದ ಕೋಟೆಯ ಕಲ್ಲುಗಳುದುರುವಂತೆ ಮಾಡದಿದ್ದರೆ, ನಾನು ನನ್ನಪ್ಪನ ಮಗನಲ್ಲ ಸಾರಥೀ, ಅಲ್ಲ!"

ಸಾರಥಿ ರಾಜೇಸಾಬನು, "ಚಾ ಆರತೈತ್ರಿ," ಎಂದನು.

ಆದರೆ ಅಷ್ಟರಲ್ಲಿ ಮಂದಿ ಕೂಡಿತ್ತು. ಚಪ್ಪಾಳೆ ಬಿದ್ದಿತ್ತು. ಯಾರೋ ಶಿಳ್ಳೆ ಹಾಕಿದ್ದರು. ಹಿಂದೆ ಸರಿಯುವ ದಾರಿ ಎಲ್ಲಿತ್ತೋ ಅಲ್ಲೊಂದು ಮೋಟಾರು ಸೈಕಲ್ಲು ನಿಂತಿತ್ತು.

ಮನೆಯಲ್ಲಿ ಹೆಂಡತಿ ನೀಲಗಂಗವ್ವನು ಸುದ್ದಿಯನ್ನು ಗಂಡನಿಗಿಂತ ಮೊದಲೇ ಕೇಳಿದ್ದಳು. ಶೇಂಗಾ ಉಂಡಿ ಕಟ್ಟುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಹ್ವಾದ ವರ್ಷ ಗ್ಯಾಸಿನ ಸಿಲಿಂಡರ್ ಸರಸಾಕ ಹೋಗಿ ನಾಕ ದಿನಾ ಮಲಗಿದ್ದು ಯಾರು?"

"ಅದು ಸಿಲಿಂಡರ್. ಹಿಡ್ಯಾಕ ಬರಂಗಿಲ್ಲ. ಇದು ಕಲ್ಲು. ಹಿಡಿಕಿ ಐತಿ."

"ಹಿಡಿಕಿ ಕಲ್ಲಿಗಿ ಐತಿ. ನಿಮ್ಮ ಸೊಂಟಕ್ಕೇನೈತಿ?" ಎಂದವಳು, ಉಂಡಿಯನ್ನು ತಾಟಿನಲ್ಲಿ ಜೋರಾಗಿಟ್ಟಳು. "ಆ ಸಿಟ್ಟಿನ ಅರ್ಧ ಎತ್ತಿ ಆಚೀಕಡಿ ಒಯ್ದು, ಅಕ್ಕಾರನ ಕರಕೊಂಡು ಬಂದಿದ್ರ, ಈ ಉಂಡಿ ಕಟ್ಟಾಕ ನನಗೊಂದು ಜೋಡಿ ಕೈ ಆಗತಿದ್ವು."

ಚನವೀರಪ್ಪನು ಕಿಟಕಿಯಿಂದ ಎದುರುಮನೆ ನೋಡಿದನು. ಅಲ್ಲಿ ಅಡುಗೆಮನೆಯಲ್ಲಿ ಕಾಶವ್ವನೂ ಒಬ್ಬಳೇ ಕುಳಿತು ಉಂಡಿ ಕಟ್ಟುತ್ತಿದ್ದುದು ಕಾಣಿಸಿತು. ಅವನಿಗೆ ಗಿರಣಿಯ ಪಟ್ಟಾದ ನೆನಪಾಯಿತು.

ಮರುದಿನ ಬೆಳಗಾಯಿತು. ಹೆಣ್ಣುಮಕ್ಕಳು ಹುತ್ತಕ್ಕೆ ಹಾಲೆರೆದು ಬಂದರು. ಬೇವಿನ ಮರದ ಜೋಕಾಲಿ ಕಿರುಗುಟ್ಟತೊಡಗಿತು. ಇತ್ತ ನಮ್ಮ ವೀರನು ರಣಕ್ಕೆ ಸಜ್ಜಾದನು. ಎಳ್ಳೆಣ್ಣೆ ತಿಕ್ಕಿಸಿಕೊಂಡು ಮಿಂದನು. ಬಾದಾಮಿ ಹಾಲು ಕುಡಿದು, ಅದರ ಮೇಲೆ ಶಕ್ತಿಗೆಂದು ಶೇಂಗಾ ಉಂಡಿ, ಆ ಶಕ್ತಿ ನಿಲ್ಲಲೆಂದು ಎಳ್ಳುಂಡಿ, ನಿಂತ ಶಕ್ತಿಗೆ ಜೊತೆಯಿರಲೆಂದು ಅಳ್ಳಿಟ್ಟಿನ ಉಂಡಿ ತಿಂದನು. ತರುಣನಾಗಿದ್ದಾಗಿನ ಚರ್ಮದ ನಡುಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ಸುತ್ತಿದರೆ ಎರಡು ತುದಿಗಳೂ ಪರಸ್ಪರ ದರ್ಶನಕ್ಕೂ ಸಿಗದಷ್ಟು ದೂರ ಉಳಿದವು. ಅದಕ್ಕಾಗಿ ನೀಲಗಂಗವ್ವನ ಹಳೆಯ ಇಳಕಲ್ಲ ಸೀರೆಯನ್ನು ಬಿಗಿಯಾಗಿ ಸುತ್ತಿಕೊಂಡನು. ಪಟ್ಟೆಪಟ್ಟೆಯ ಚಡ್ಡಿಯ ಲಾಡಿಯನ್ನು, ರಣಮಧ್ಯದಲ್ಲಿ ಮಾನಭಂಗವಾಗದಿರಲೆಂದು, ಗಂಟಿನ ಮೇಲೆ ಗಂಟು ಹಾಕಿ ಬಿಗಿದನು. ಹೆಗಲ ಮೇಲೆ ಕೆಂಪಂಚಿನ ಹೊಸ ಟವೆಲ್ಲು ಹಾಕಿಕೊಂಡು, ಕನ್ನಡಿಯಲ್ಲಿ ಮೀಸೆಯನ್ನು ಮೇಲಕ್ಕೆ ತಿರುವಿದನು. ಮೀಸೆ ಒಂದು ಕ್ಷಣ ನಿಂತು, ಇಳಿಯಿತು.

ಹಲಗೆಯ ಬಡಿತದೊಂದಿಗೆ ಅವನು ಬಯಲಿಗೆ ಬಂದಾಗ ಓಣಿಗೆ ಓಣಿಯೇ ನೆರೆದಿತ್ತು. ಮಾಳಿಗೆಗಳ ಮೇಲೆ ಹೆಂಗಸರು, ಕಟ್ಟೆಯ ಮೇಲೆ ಮುದುಕರು. ಬಯಲಿನಂಚಿನಲ್ಲಿ, ತಮ್ಮ ಮನೆಯ ಹೊಸ್ತಿಲಿನ ಮುಂದೆ, ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟು, ಕೈಕಟ್ಟಿಕೊಂಡು ಅಡಿವೆಪ್ಪ ಮಾಸ್ತರರು ನಿಂತಿದ್ದರು. ಅವರ ಹಿಂದೆ ಬಾಗಿಲಿನ ಚೌಕಟ್ಟಿನಲ್ಲಿ ಕಾಶವ್ವ. ಅವಳು ಕಲ್ಲನ್ನು ನೋಡುತ್ತಿರಲಿಲ್ಲ, ತಮ್ಮನನ್ನು ನೋಡುತ್ತಿದ್ದಳು.

ಅವಳನ್ನು ಕಂಡೊಡನೆ ಚನವೀರಪ್ಪನ ಎದೆಯಲ್ಲಿ ಏನೋ ಅಲುಗಿತು. ಅದನ್ನು ವೀರರಸವೆಂದೇ ಅವನು ಭಾವಿಸಿದನು. ಕಲ್ಲಿನ ಮುಂದೆ ಬಂದು ನಿಂತು, ತೊಡೆ ತಟ್ಟಿ, ನಾಲ್ಕು ದಿಕ್ಕಿಗೂ ನೋಡಿ ಗುಡುಗಿದನು:

"ಎಲೈ ಶಿಲೆಯೇ! ನಿನ್ನಂಥ ಬೆಣಚುಕಲ್ಲುಗಳನ್ನು ಬೆಳಗಿನ ಉಪಾಹಾರದಲ್ಲಿ ಅಗಿದುಗುಳುವ ಗಂಡುಗಲಿಯು ಬಂದಿದ್ದಾನೆ! ಆಡಿಕೊಂಡವರ ಬಾಯಿ ಕಟ್ಟಲಿ! ಹೆಸರಿಟ್ಟವರ ಹೆಸರು ಅಳಿಯಲಿ! ಕಟ್ಟಿದ ಹಲ್ಲುಗಳು ಕಟಕಟನೆ ಉದುರಲಿ!"

ಮಾಸ್ತರರ ತುಟಿ ಬಿಗಿಯಿತು. ಹಲಗೆ ಮೊರೆಯಿತು. ವೀರನು ಹೆಗಲ ಮೇಲಿನ ಟವೆಲ್ಲನ್ನು ಬಲಗೈಯಿಂದ ಸೆಳೆದು, ಗಾಳಿಯಲ್ಲಿ ಒಂದು ಸುತ್ತು ಬೀಸಿ, ಯಾರಾದರೂ ಹಿಡಿದುಕೊಳ್ಳಲಿ ಎಂದು ಪಕ್ಕಕ್ಕೆ ಒಗೆದನು.

ಯಾರೂ ಹಿಡಿಯಲಿಲ್ಲ. ಹೊಸ ಟವೆಲ್ಲು ಮಣ್ಣಿಗೆ ಬಿತ್ತು.

ಹೊಸದು. ಹಬ್ಬಕ್ಕೆಂದು ತಂದದ್ದು. ನೀಲಗಂಗವ್ವ ಮಾಳಿಗೆಯ ಮೇಲಿಂದ ನೋಡುತ್ತಿದ್ದಳು. ಮೊದಲು ಟವೆಲ್ಲು, ಆಮೇಲೆ ಕಲ್ಲು ಎಂದುಕೊಂಡು ಚನವೀರಪ್ಪನು ಅದನ್ನು ಎತ್ತಿಕೊಳ್ಳಲು ಬಗ್ಗಿದನು.

ಬಗ್ಗಿದಾಗ ಅವನ ನಡುವಿನಲ್ಲೆಲ್ಲೋ "ಕಟಕ್" ಎಂದಿತು.

ಅಂಥ ಸದ್ದನ್ನು ಅವನ ಗಿರಣಿಯು ಒಮ್ಮೆ ಮಾಡಿತ್ತು. ಆಮೇಲೆ ಎರಡು ದಿನ ಕೆಲಸ ನಿಂತಿತ್ತು. ಬೆನ್ನಿನ ಬುಡದಿಂದ ಒಂದು ಬೆಂಕಿಯ ಗೆರೆ ಎದ್ದು ತೊಡೆಗೆ ಇಳಿಯಿತು. ಕೈಬೆರಳುಗಳು ಟವೆಲ್ಲಿಗೆ ಒಂದು ಗೇಣು ಮೇಲೆ ನಿಂತುಬಿಟ್ಟವು. ಕೆಳಗೆ ಹೋಗಲೊಲ್ಲವು, ಮೇಲೆ ಬರಲೊಲ್ಲವು. ವಜ್ರಕಾಯನೆಂದು ತನ್ನನ್ನು ತಾನೇ ಕರೆದುಕೊಂಡಿದ್ದ ಆ ವೀರನು, ಬಾಗಿಲಿನ ಮೂಲೆಗೆ ಹಾಕುವ ಕಬ್ಬಿಣದ ಪಟ್ಟಿಯಂತೆ ಸರಿಯಾಗಿ ತೊಂಬತ್ತು ಡಿಗ್ರಿಯ ಕಾಟಕೋನವಾಗಿ ನಿಂತನು.

ಹಲಗೆ ನಿಂತಿತು. ಮಂದಿ ಉಸಿರು ಬಿಗಿಹಿಡಿಯಿತು. ಕಟ್ಟೆಯ ಮೇಲಿದ್ದ ಮುದುಕನೊಬ್ಬ, "ನೋಡ್ರೋ, ಕಲ್ಲಿಗಿ ಕೈ ಹಚ್ಚೂಕಿಂತ ಮದಲ ಭೂಮಿತಾಯಿಗೆ ನಮಸ್ಕಾರ! ಹಳೇ ಮಂದಿ ನೋಡ್ರಿ!" ಎಂದನು. ಚಪ್ಪಾಳೆ ಬಿತ್ತು. ಚನವೀರಪ್ಪನು ಮನಸ್ಸಿನಲ್ಲಿಯೇ ಆ ಮುದುಕನ ಸಂತಾನ ಬೆಳೆಯಲೆಂದು ಹರಸಿದನು. ಒಂದು ಕ್ಷಣ ನಮಸ್ಕಾರವೇ ಆಗಿರಲಿ. ಎರಡನೆಯ ಕ್ಷಣದಲ್ಲಿ ಎದ್ದುಬಿಡುತ್ತೇನೆ. ಎರಡನೆಯ ಕ್ಷಣವೂ ಬಂದಿತು. ಮೂರನೆಯದೂ ಬಂದಿತು. ನಮಸ್ಕಾರ ಉದ್ದವಾಯಿತು.

"ಭಕ್ತಿ ಭಾಳ ಆತು," ಎಂದರು ಯಾರೋ.

ಇನ್ನು ಇಲ್ಲಿ ನಿಲ್ಲುವಂತಿಲ್ಲ ಎಂದು ಅವನು ನಿರ್ಧರಿಸಿದನು. ಮೇಲೇಳಲಾಗದಿದ್ದರೂ ನಡೆಯಬಹುದಲ್ಲ! ಹೇಗಿದ್ದನೋ ಹಾಗೆಯೇ ಕಾಲುಗಳನ್ನು ಮೆಲ್ಲಗೆ ತಿರುಗಿಸಿ, ಘನತೆಯಿಂದ, ಏನೂ ಆಗಿಲ್ಲವೆಂಬಂತೆ, ಮನೆಯ ಕಡೆ ಹೊರಟನು. ಆದರೆ ಕಾಟಕೋನದಲ್ಲಿ ಲೋಕವೇ ಬೇರೆ. ಮುಖಗಳಿಲ್ಲ, ಮಾಳಿಗೆಗಳಿಲ್ಲ, ದಿಕ್ಕುಗಳಿಲ್ಲ, ಬರೀ ಕಾಲುಗಳು. ಹವಾಯಿ ಚಪ್ಪಲಿಗಳು, ಸವೆದ ಹಿಮ್ಮಡಿಗಳು, ಒಂದು ಕೋಳಿ. ಮಂದಿ ಸರಿದು ದಾರಿ ಬಿಟ್ಟ ಕಡೆಗೆಲ್ಲ ಅವನು ಸಾಗಿದನು. ಮನೆ ಬಂತು ಎಂದುಕೊಳ್ಳುವಷ್ಟರಲ್ಲಿ ಎದುರಿಗೆ ಒಂದು ಹೊಸ್ತಿಲು ಕಂಡಿತು. ಹೊಸ್ತಿಲ ಮೇಲೆ ರಂಗೋಲಿ. ರಂಗೋಲಿಯ ಈಚೆ ಇಸ್ತ್ರಿ ಮಾಡಿದ ಧೋತರದ ಅಂಚು. ಅದರ ಕೆಳಗೆ, ಹೆಬ್ಬೆರಳಿನ ಉಗುರು ಸೀಳಿದ, ಮೂರು ವರ್ಷದಿಂದ ನೋಡದಿದ್ದರೂ ಮರೆಯದ ಎರಡು ಪಾದಗಳು.

ವೀರನು ದಿಕ್ಕು ತಪ್ಪಿ ಅಡಿವೆಪ್ಪ ಮಾಸ್ತರರ ಹೊಸ್ತಿಲಿಗೆ ಬಂದು ಬಗ್ಗಿ ನಿಂತಿದ್ದನು.

ಮೇಲಿನಿಂದ ಮಾಸ್ತರರ ದನಿ ಬಂದಿತು. ಅದರಲ್ಲಿ ಹಾಜರಿ ಕೂಗುವ ಗಡಸು ಇರಲಿಲ್ಲ.

"ಚನವೀರಾ… ಇಷ್ಟ ಮಂದ್ಯಾಗ…"

ಚನವೀರಪ್ಪನು ರಂಗೋಲಿಯನ್ನೇ ನೋಡಿದನು. ಮಾತಾಡಿದರೆ ಬೆನ್ನು ಚುಚ್ಚುತ್ತಿತ್ತು.

"ಏಳಪಾ. ಸಾಕು, ಏಳು."

ಅವನು ಏಳಲಿಲ್ಲ. ಏಳದಿದ್ದಷ್ಟೂ ಮಾಸ್ತರರ ಕರುಳು ಕರಗುತ್ತ ಹೋಯಿತು. ಏಳು ಏಳು ಎಂದು ಮೂರು ಸಲ ಹೇಳಿದ ಮೇಲೆ, ಇಸ್ತ್ರಿಯ ಧೋತರವನ್ನು ಲೆಕ್ಕಿಸದೆ ಅವರೇ ಮಣ್ಣಿನಲ್ಲಿ ಕುಳಿತು, ಕತ್ತು ಓರೆ ಮಾಡಿ, ಕೆಳಗಿನಿಂದ ಅಳಿಯನ ಮುಖ ನೋಡಿದರು. ಮೂರು ವರ್ಷದ ಮೇಲೆ ನಾಲ್ಕು ಕಣ್ಣುಗಳು ಕೂಡಿದವು. ಮಾಸ್ತರರ ಕಣ್ಣಲ್ಲಿ ನೀರಿತ್ತು.

"ನಾನೂ ತಪ್ಪ ಮಾತಾಡೇನಿ," ಎಂದು ಅವರು ಪಿಸುಗುಟ್ಟಿದರು. "ಅದನ್ನ ಇಷ್ಟ ಯಾಕ ಮನಸಿಗಿ ಹಚಗೊಂಡಿ?"

"ಮನಸಿಗಲ್ರೀ ಮಾವಾ, ಸೊಂಟಕ್ಕ," ಎಂದನು ಚನವೀರಪ್ಪ ಹಲ್ಲು ಕಚ್ಚಿ. "ಸೊಂಟ ಹಿಡದೈತಿ."

"ಏನು?"

"ಬಗ್ಗಿಲ್ಲ ನಾ. ಹಿಡಕೊಂಡೈತಿ."

ಮಾಸ್ತರರು ಅವನನ್ನೇ ನೋಡಿದರು. "ಬಗ್ಗಿಲ್ಲಂದ್ರ ನೆಟ್ಟಗ ನಿಂದ್ರು, ನೋಡೋಣು."

"ಅದಾಗಿದ್ರ ನಿಮ್ಮ ಮನಿ ಮುಂದ ಯಾಕ ಬರತಿದ್ದೆ?"

"ಕಲ್ಲ ಎತ್ತೂಮುಂದ ಹಿಡೀತೇನು?"

ಚನವೀರಪ್ಪನು ಕಣ್ಣು ಮುಚ್ಚಿಕೊಂಡನು. ಈಗ ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳು ಹೇಳಲು ಎದೆ ಉಬ್ಬಿಸಬೇಕಾಗುತ್ತದೆ. ಈ ಭಂಗಿಯಲ್ಲಿ ಅದು ಸಾಧ್ಯವಿರಲಿಲ್ಲ. "ಕಲ್ಲಿಗಿ ಕೈಯ ಹಚ್ಚಿಲ್ರಿ," ಎಂದನು. "ಟಾವೆಲ್ ಬಿದ್ದಿತ್ತು. ಅದನ್ನ ತಗೊಳ್ಳಾಕ…"

ಮಾಸ್ತರರ ಕಣ್ಣಂಚಿಗೆ ಬಂದಿದ್ದ ನೀರು ಅಲ್ಲಿಯೇ ನಿಂತಿತು. ಅವರು ಎದ್ದು ನಿಂತು ಇಡೀ ಓಣಿಗೆ ಕೇಳುವಂತೆ ಸತ್ಯವನ್ನು ಸಾರಿಬಿಡಬಹುದಿತ್ತು. ಮೂರು ವರ್ಷ ಕಾದರೂ ಇಂಥ ಅಸ್ತ್ರ ಇನ್ನೊಮ್ಮೆ ಕೈಗೆ ಸಿಗುತ್ತಿರಲಿಲ್ಲ. ಅವರ ಬಾಯಿ ತೆರೆಯಿತು ಕೂಡ. ಆದರೆ ಕಣ್ಣು ಒಮ್ಮೆ ಹಿಂದೆ ಬಾಗಿಲಿನ ಚೌಕಟ್ಟಿನ ಕಡೆ ಹೋಯಿತು. ಅಲ್ಲಿ ಏನು ಕಂಡರೋ, ಬಾಯಿ ಮುಚ್ಚಿತು. ಮುಚ್ಚಿದ ಬಾಯಿಯೊಳಗೆ ಏನೋ ಕುದಿಯತೊಡಗಿತು. ಗದ್ದ ನಡುಗಿತು. ಹೆಗಲು ಕುಣಿದವು. ಕಟ್ಟಿಸಿದ ಹಲ್ಲು ಜಾರಿದಂತಾಗಿ, ಮಾಸ್ತರರು ಅಂಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡರು.

"ಟಾವೆಲ್ಲಿಗಿ…" ಎಂದರು ಬೆರಳ ಸಂದಿಯಿಂದ.

ಅದನ್ನು ಕೇಳಿ ಚನವೀರಪ್ಪನಿಗೂ ಹೊಟ್ಟೆಯೊಳಗಿಂದ ನಗೆ ಎದ್ದಿತು. ನಕ್ಕರೆ ಸೊಂಟದಲ್ಲಿ ಈಟಿ ಇರಿಯುತ್ತಿತ್ತು, ಇರಿದರೆ ಕಣ್ಣಲ್ಲಿ ನೀರು ಬರುತ್ತಿತ್ತು, ನೀರು ಬಂದದ್ದು ಕಂಡು ಮಾಸ್ತರರಿಗೆ ಇನ್ನಷ್ಟು ನಗೆ ಬರುತ್ತಿತ್ತು. ತಲೆಗೆ ತಲೆ ಹಚ್ಚಿ ಇಬ್ಬರೂ ಗದಗದ ನಡುಗಿದರು.

"ಅಯ್ಯ ಶಿವನ, ಇಬ್ರೂ ಅಳಾಕತ್ತಾರ!" ಎಂದು ಮಾಳಿಗೆಯ ಮೇಲಿಂದ ಯಾರೋ ಕೂಗಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಲಗೆಯವನೂ ಮೂಗು ಎಳೆದುಕೊಂಡನು.

ಆಗ ಹೊಸ್ತಿಲು ದಾಟಿ ಕಾಶವ್ವ ಬಂದಳು. ಅವಳು ಅಳುತ್ತಿರಲಿಲ್ಲ. ಗಂಡನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ತಮ್ಮನ ಬೆನ್ನಿನ ಬುಡದಲ್ಲಿ ಅಂಗೈ ಊರಿದಳು. ಅವನು "ಅಕ್ಕಾ" ಎಂದು ಚೀರಿದನು.

"ಇಲ್ಲೇ ಹೌದಲ್ಲ? ನಮ್ಮಪ್ಪಂದೂ ಇಲ್ಲೇ ಹಿಡೀತಿತ್ತು. ಬಾಯಿಗಿ ಸೊಂಟ ಇದ್ದಿದ್ರ ನಿಮ್ಮಿಬ್ರದೂ ಯಾವಾಗೋ ಹಿಡೀತಿತ್ತು," ಎಂದಳು. ಆಮೇಲೆ ಮಾಳಿಗೆಯ ಕಡೆ ಮುಖ ಎತ್ತಿ, ಮೂರು ವರ್ಷದ ಸಾಗರವನ್ನು ಒಂದೇ ಕೂಗಿನಲ್ಲಿ ದಾಟಿದಳು: "ಏ ನೀಲಗಂಗಾ, ಉಪ್ಪ ಹುರದು ಗಂಟ ಕಟ್ಟು! ರಾಜೇಸಾಬಾ, ಆ ಬೆಂಚ ತಾರೋ!"

ಬೆಂಚು ಬಂದಿತು. ಶತ್ರುಸಂಹಾರಕ್ಕೆಂದು ಹೊರಟಿದ್ದ ವೀರನನ್ನು ನಾಲ್ವರು ಹುಡುಗರು ಅದರ ಮೇಲೆ ಬೋರಲು ಮಲಗಿಸಿ ಹೆಗಲಿಗೇರಿಸಿದರು. ಏನು ಬಾರಿಸಬೇಕೆಂದು ತಿಳಿಯದೆ ಹಲಗೆಯವನು ವಿಜಯದ ಗತ್ತನ್ನೇ ಬಾರಿಸಿದನು. ಸಂಗ್ರಾಣಿ ಕಲ್ಲು ಬಯಲಿನಲ್ಲಿ ಒಂಟಿಯಾಯಿತು. ಆ ದಿನ ಅದರ ಬಳಿ ಏನನ್ನಾದರೂ ಎತ್ತಿದ್ದು ಯಾರೆಂದರೆ, ಮಂದಿ ಚದುರಿದ ಮೇಲೆ ಬಂದ ಒಂದು ನಾಯಿ, ಅದು ಕಾಲೆತ್ತಿತು.

ಮೆರವಣಿಗೆಯ ಮುಂದೆ ಕಾಶವ್ವ ನಡೆದಳು. ಚನವೀರಪ್ಪನಿಗೆ ಬೆಂಚಿನ ಅಂಚಿನಿಂದ ಅವಳ ಹಿಮ್ಮಡಿಗಳಷ್ಟೇ ಕಾಣುತ್ತಿದ್ದವು. ದಾರಿ ದಾಟಿದವು. ಬೇವಿನ ಮರದ ನೆರಳು ದಾಟಿದವು. ತವರಿನ ಹೊಸ್ತಿಲಿನ ಮುಂದೆ ನಿಂತವು. ಒಳಗಿನಿಂದ ನೀಲಗಂಗವ್ವ ಒಂದು ಕೈಯಲ್ಲಿ ಉಪ್ಪಿನ ಗಂಟು, ಇನ್ನೊಂದು ಕೈಯಲ್ಲಿ ತಂಬಿಗೆ ನೀರು ಹಿಡಿದು ಬಂದಿದ್ದಳು.

"ಮದಲ ಅವಂಗ ಕಾವ ಕೊಡೂದಲ್ಲ?" ಎಂದಳು ಕಾಶವ್ವ.

"ಅವ್ರು ಎಲ್ಲೂ ಓಡಿ ಹೋಗಂಗಿಲ್ಲ. ನೀವು ಕಾಲ ಮುಂದ ಮಾಡ್ರಿ, ಅಕ್ಕಾರ."

ಆ ಹಿಮ್ಮಡಿಗಳ ಮೇಲೆ ನೀರು ಬೀಳುವುದನ್ನು ಚನವೀರಪ್ಪನು ಬೆಂಚಿನ ಮೇಲೆ ಬೋರಲಾಗಿ ಬಿದ್ದುಕೊಂಡು ನೋಡಿದನು. ಈ ಸಲ ಅವನಿಗೆ ಗಿರಣಿಯ ಯಾವ ಕೆಲಸವೂ ನೆನಪಾಗಲಿಲ್ಲ. ನೆನಪಾಗಿದ್ದರೂ ಎದ್ದು ಹೋಗುವಂತಿರಲಿಲ್ಲ.

ಸಂಜೆಯಾಯಿತು. ಕಾವು ಕೊಟ್ಟು ಕೊಟ್ಟು ಬೆನ್ನು ಕೆಂಪಾಗಿತ್ತು. ಪಡಸಾಲೆಯಲ್ಲಿ ಚನವೀರಪ್ಪ ಬೋರಲಾಗಿಯೇ ಮಲಗಿದ್ದನು. ಹೊರಗೆ ಜೋಕಾಲಿಯ ಮೇಲೆ ಕಾಶವ್ವ, ಐವತ್ತೆಂಟರ ಮೈಯನ್ನು ಮರೆತು, ಗೆಳತಿಯರು ಜೀಕಿದಂತೆಲ್ಲ ಕಿರುಚಿ ನಗುತ್ತಿದ್ದಳು. ಮಧ್ಯಾಹ್ನ ತಮ್ಮ ಮನೆಯಲ್ಲಿ ಒಲೆ ಹೊತ್ತಿರಲಿಲ್ಲವಾದ್ದರಿಂದ ಅಡಿವೆಪ್ಪ ಮಾಸ್ತರರಿಗೆ ಬೇರೆ ಗತಿಯಿರಲಿಲ್ಲ. ಅಳಿಯನ ಮಗ್ಗುಲಲ್ಲಿ ಕುಳಿತು ತಾಟಿನ ತುಂಬ ಉಣ್ಣುತ್ತಿದ್ದರು. ಪ್ರತಿಜ್ಞೆಗಳಿಗೇನೂ ಭಂಗ ಬಂದಿರಲಿಲ್ಲ. ಬಗ್ಗಬೇಕೆಂದವರ ಮುಂದೆ ಬಗ್ಗಿದ್ದು ಊರು ಕಂಡಿತ್ತು. ಬಗ್ಗುವುದಿಲ್ಲವೆಂದವನು ಬಗ್ಗಿರಲಿಲ್ಲವೆಂಬುದು ಇಬ್ಬರಿಗೆ ಗೊತ್ತಿತ್ತು.

ಓಣಿಯ ಹಿರಿಯರು ನೋಡಲು ಬಂದರು. ಕಟ್ಟೆಯ ಮುದುಕನು ತಲೆದೂಗಿ, "ಕಲ್ಲ ಯಾರರೆ ಎತ್ತತಾರ. ಸಿಟ್ಟ ಇಳಿಸಿ ಹಿಂಗ ತಲಿ ಬಗ್ಗಸೂದು ದೊಡ್ಡವ್ರಿಂದ ಮಾತ್ರ ಆಗತೈತಿ. ನಿನ್ನಂಥವ ಓಣ್ಯಾಗ ಇನ್ನೊಬ್ಬಿಲ್ಲ ಚನವೀರಪ್ಪಾ," ಎಂದನು. ಕೂಡಿದವರು ಹೌದು ಹೌದೆಂದರು.

ಸುಮ್ಮನೆ ಹೂಂ ಎಂದಿದ್ದರೆ ಸಾಕಿತ್ತು. ಮಹಾತ್ಮನೆಂಬ ಹೆಸರು ಮಂಚದ ಬಳಿಗೇ ನಡೆದು ಬಂದಿತ್ತು. ಚನವೀರಪ್ಪನು ಒಂದು ಗಳಿಗೆ ಅದರ ರುಚಿ ನೋಡಿದನು. ಆಮೇಲೆ ಪಕ್ಕದಲ್ಲಿ ಉಣ್ಣುವುದನ್ನು ನಿಲ್ಲಿಸಿ ತನ್ನನ್ನೇ ನೋಡುತ್ತಿದ್ದ ಮಾವನನ್ನು ನೋಡಿದನು.

"ನಾ ಬಗ್ಗಿದ್ದು ಟಾವೆಲ್ಲಿಗ್ರೀ ಅಜ್ಜಾ," ಎಂದನು. "ಅದನ್ನೂ ಎತ್ತಾಕಾಗಲಿಲ್ಲ."

ಮಾಸ್ತರರ ಬಾಯಿಂದ ಅನ್ನ ಸಿಡಿಯಿತು. ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಅದನ್ನು ಕೇಳಿ ಜೋಕಾಲಿಯವರು ಒಳಗೆ ಓಡಿಬಂದು, ಕೇಳಿಕೊಂಡು, ಅವರೂ ನಕ್ಕರು. ಚನವೀರಪ್ಪನು "ನಗಸಬ್ಯಾಡ್ರೋ, ಜೀವಾ ಹೊಕ್ಕತಿ" ಎನ್ನುತ್ತ ದಿಂಬನ್ನು ಕಚ್ಚಿ ತಾನೂ ನಕ್ಕನು. ನಕ್ಕು ನಕ್ಕು, ಬೆಳಗಿನಿಂದ ಕುಡಿದಿದ್ದ ಬಾದಾಮಿ ಹಾಲು, ಚಹಾ, ಕಷಾಯಗಳೆಲ್ಲ ಒಟ್ಟಾಗಿ ಕೆಳಗೆ ತಗಾದೆ ಮಾಡತೊಡಗಿದವು.

"ಮಾವಾ," ಎಂದನು ಗಂಭೀರನಾಗಿ, "ಬಚ್ಚಲಕ್ಕ ಹೋಗಬೇಕು."

ಒಂದು ರಟ್ಟೆಗೆ ಮಾಸ್ತರರು, ಇನ್ನೊಂದು ರಟ್ಟೆಗೆ ರಾಜೇಸಾಬ ನಿಂತು ಅವನನ್ನು ಎಬ್ಬಿಸಿ, ಗೋಡೆ ಹಿಡಿಸಿ, ಬಚ್ಚಲುಮನೆಯ ಬಾಗಿಲಿನವರೆಗೆ ನಡೆಸಿದರು. ಬಾಗಿಲಿನಲ್ಲಿ ವೀರನು ಅವರ ಕೈಗಳನ್ನು ಕೊಡವಿ, ಮೀಸೆ ಮುಟ್ಟಿಕೊಂಡು, "ಸಾಕು. ಒಳಗ ನಾ ಒಬ್ಬನ ಹೊಕ್ಕೇನಿ. ಯಾರೂ ಬರೂದು ಬ್ಯಾಡ," ಎಂದು ಅಪ್ಪಣೆ ಕೊಡಿಸಿ, ಏಕಾಂಗಿಯಾಗಿ ಒಳಹೊಕ್ಕು, ಕದ ಮುಂದೆ ಮಾಡಿಕೊಂಡನು.

ಹೊರಗೆ ಎಲ್ಲರೂ ಕಾದರು. ಒಳಗಿನಿಂದ ಉಸ್ಸೆಂಬ ಶಬ್ದ. ಮತ್ತೆ ಬಿಗಿ ಹಿಡಿದ ಉಸಿರು. ಕೊನೆಗೆ ಕದದ ಸಂದಿಯಿಂದ, ತಗ್ಗಿದ ದನಿಯಲ್ಲಿ:

"ಮಾವಾ… ನೀವೊಬ್ರ ಒಳಗ ಬರ್ರಿ. ಲಾಡಿ ಬಿಚ್ಚವಲ್ದು."